ಐ ಗಾಟ್ ಆಂಗರ್ ತಪ್ಪು, ಐ ಗಾಟ್ ಎ ಕೋಲ್ಡ್ ಸರಿ. ಯಾಕೆ?

ನೀವು ನರಸಾಪುರದ ಕಡೆ ಒಂದು ಫ್ಯಾಕ್ಟರಿ ಇಂಟರ್‌ವ್ಯೂಗೆ ರೆಡಿ ಆಗ್ತಾ ಇದ್ದೀನಿ ಅಂದಿದ್ದೀರ. ಫ್ರೆಂಡ್ ಒಬ್ರು 'ಐ ಗಾಟ್ ಆಂಗರ್' ತಪ್ಪು, 'ಐ ಗಾಟ್ ಆಂಗ್ರಿ' ಅನ್ನಬೇಕು ಅಂದ್ರಂತೆ, ಹಂಗಾದ್ರೆ 'ಐ ಗಾಟ್ ಎ ಜಾಬ್', 'ಐ ಗಾಟ್ ಎ ಕೋಲ್ಡ್' ಇವೆಲ್ಲ ಹೆಂಗೆ ಸರಿ, ಅಲ್ಲೂ ನೌನೇ (ನಾಮಪದ) ತಾನೆ ಇರೋದು ಅಂತ ನಿಮ್ಮ ಡೌಟು. ಬಹಳ ಒಳ್ಳೇ ಡೌಟು. ನಾನು ಬೆಳಗ್ಗೆ ಹೊತ್ತು ಕೋಲಾರ ಎಪಿಎಂಸಿಲಿ ಟೊಮೇಟೊ ಮಂಡಿಯೊಂದ್ರಲ್ಲಿ ಲೆಕ್ಕ ಬರೀತೀನಿ, ಸಂಜೆ ನಮ್ಮನೆ ಮಹಡಿ ಮೇಲೆ ಹುಡುಗರಿಗೆ ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ, ಈ ಗೆಟ್ (ಗಾಟ್ ಅನ್ನೋದು ಇದರದ್ದೇ ಭೂತಕಾಲ) ಅನ್ನೋ ಪದದ ಹತ್ರ ಎಡವದೇ ಇರೋ ಹುಡುಗ ನನಗಿನ್ನೂ ಸಿಕ್ಕಿಲ್ಲ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಪೂರ್ತಿ ಓದಿ.

ಮೊದಲು ಒಂದು ವಿಷಯ. ಈ ತಪ್ಪು ಹುಟ್ಟೋದೇ ನಮ್ಮ ಮನೆ ಭಾಷೆಯಿಂದ. ಕೋಲಾರದವರು ಅಂದ್ರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬಿದ್ದೇ ಬೆಳೆದಿರ್ತೀವಿ. ಕನ್ನಡದಲ್ಲಿ 'ನಂಗೆ ಕೋಪ ಬಂತು', ತೆಲುಗಲ್ಲಿ 'ನಾಕು ಕೋಪಂ ವಚ್ಚಿಂದಿ', ನಮ್ಮ ಕಡೆ ಉರ್ದುಲಿ 'ಮೇರೆಕು ಗುಸ್ಸಾ ಆಯಾ'. ಮೂರರಲ್ಲೂ ಕೋಪ ಅನ್ನೋದು ಎಲ್ಲಿಂದಲೋ ಬರೋ ಒಂದು ವಸ್ತು, ನಾವು ಬಾಗಿಲಲ್ಲಿ ನಿಂತು ಅದನ್ನ ಒಳಗೆ ಕರ್ಕೊಳ್ಳೋರು. ಹಸಿವಾಯ್ತು, ಸುಸ್ತಾಯ್ತು, ಬೇಜಾರಾಯ್ತು, ಕತ್ಲಾಯ್ತು, ತಡ ಆಯ್ತು, ಎಲ್ಲದ್ರಲ್ಲೂ ಮುಂದಿರೋ ಪದ ನೌನೇ ನೋಡಿ. ಕನ್ನಡದಲ್ಲಿ ಅಪ್ಪಟ ಅಡ್ಜೆಕ್ಟಿವ್‌ಗಳು, ಅಂದ್ರೆ ಗುಣ, ಸ್ಥಿತಿ ಹೇಳೋ ಪದಗಳು, ಬಹಳ ಕಮ್ಮಿ, ಅದಕ್ಕೇ ನಮ್ಮ ತಲೆ ಮೊದಲು ನೌನ್ ಹುಡುಕುತ್ತೆ, ಬಾಯಲ್ಲಿ 'ಐ ಗಾಟ್ ಆಂಗರ್', 'ಇಟ್ ಈಸ್ ಗೆಟಿಂಗ್ ಡಾರ್ಕ್‌ನೆಸ್' ಅಂತ ಬಂದ್ಬಿಡುತ್ತೆ. ದಡ್ಡತನ ಅಲ್ಲ ಇದು, ನೀವು ನಿಮ್ಮ ಭಾಷೇಲಿ ಸರಿಯಾಗೇ ಯೋಚ್ನೆ ಮಾಡ್ತಿದ್ದೀರ ಅಷ್ಟೇ.

ಇಂಗ್ಲಿಷಲ್ಲಿ ಗೆಟ್ ಆದ್ಮೇಲೆ ನೌನ್ ಬಂದ್ರೆ 'ಸಿಕ್ತು' ಅಥವಾ 'ಬಂತು' ಅಂತ ಅರ್ಥ, ಅಡ್ಜೆಕ್ಟಿವ್ ಬಂದ್ರೆ 'ಆದೆ' ಅಂತ ಅರ್ಥ. ಗಾಟ್ ಎ ಜಾಬ್, ಕೆಲಸ ಸಿಕ್ತು. ಗಾಟ್ ಎ ಲೆಟರ್, ಕಾಗದ ಬಂತು. ಗಾಟ್ ಟೈರ್ಡ್, ಸುಸ್ತಾದೆ. ಹೊರಗಿಂದ ಏನೋ ಒಂದು ನಿಮ್ಮ ಹತ್ರ ಬಂದು ಸೇರಿದ್ರೆ ನೌನು, ನೀವೇ ಒಳಗೊಳಗೆ ಬದಲಾದ್ರೆ ಅಡ್ಜೆಕ್ಟಿವ್.

ಮಂಡೀಲಿ ನಡೆದಿದ್ದು ಒಂದು ಹೇಳ್ತೀನಿ, ಇದ್ರಲ್ಲಿ ಎರಡೂ ಇದೆ. ಒಂದು ರಾತ್ರಿ ಇದ್ದಕ್ಕಿದ್ದಂಗೆ ಜೋರು ಮಳೆ ಬಂದು ಶೆಡ್ ಹೊರಗಿದ್ದ 15 ಕೆಜಿ ಬಾಕ್ಸ್‌ಗಳೆಲ್ಲ ನೆಂದುಹೋದ್ವು, ಉತ್ತರದ ಕಡೆ ವ್ಯಾಪಾರಿಗೆ ಇಂಗ್ಲಿಷಲ್ಲಿ ಮೆಸೇಜ್ ಹಾಕಬೇಕಿತ್ತು, ನಮ್ಮ ಹುಡುಗ 'ಟೊಮೇಟೊ ಗಾಟ್ ರೈನ್' ಅಂತ ಟೈಪ್ ಮಾಡಿ ನನಗೆ ತೋರಿಸ್ದ. ನಾನು ಹೇಳ್ದೆ, ಮಳೆ ಬಂದಿದ್ದು ನಮಗೆ ಕಣಪ್ಪ, ಟೊಮೇಟೊಗಲ್ಲ. 'ವಿ ಗಾಟ್ ಹೆವಿ ರೈನ್ ಲಾಸ್ಟ್ ನೈಟ್' ಅಂತ ಬರಿ, ಅದು ಪಕ್ಕಾ ಸರಿ, ನಮ್ಮೂರಿಗೆ ಮಳೆ ಬಂತು ಅಂದಂಗೆ. ಆಮೇಲೆ 'ದ ಬಾಕ್ಸಸ್ ಗಾಟ್ ವೆಟ್' ಅನ್ನು, ಯಾಕಂದ್ರೆ ಬಾಕ್ಸು ನೆನೀತು, ಅದರ ಸ್ಥಿತಿ ಬದಲಾಯ್ತು. ಅವನು ಆ ಎರಡು ಸಾಲು ಕಳಿಸ್ದ, ಅವತ್ತಿಂದ ಮತ್ತೆ ತಪ್ಪಿಲ್ಲ.

ಈಗ ನಿಮ್ಮ ನೆಗಡಿ. ಕಾಯಿಲೆಗಳನ್ನ ಇಂಗ್ಲಿಷಿನವರೂ ನಮ್ಮ ಥರಾನೇ ಬರೋ ವಸ್ತು ಅಂತ ನೋಡ್ತಾರೆ, ಅದಕ್ಕೆ ಗೆಟ್ ಎ ಕೋಲ್ಡ್, ಗೆಟ್ ಎ ಹೆಡೇಕ್ ಸರಿ. ಗೆಟ್ ಎ ಶಾಕ್, ಗೆಟ್ ಆನ್ ಐಡಿಯಾ ಕೂಡ ಸರಿ, ಅವು ಒಂದೊಂದಾಗಿ ಎಣಿಸಬಹುದಾದವು, ಮುಂದೆ ಎ, ಆನ್ ಕೂರುತ್ತೆ. ಆದ್ರೆ ಕೋಪ, ಹಸಿವು, ಬೇಜಾರು, ಸುಸ್ತು ಇಂಥ ಮನಸ್ಸಿನ ಮೈಯ ಸ್ಥಿತಿಗಳಿಗೆ ಅಡ್ಜೆಕ್ಟಿವೇ ಬೇಕು: ಆಂಗ್ರಿ, ಹಂಗ್ರಿ, ಬೋರ್ಡ್, ಟೈರ್ಡ್. ನೆಗಡಿಯಂಥ ಕಾಯಿಲೆ ಹತ್ರ ಕನ್ನಡವನ್ನ ನಂಬಿ, ಕೋಪದ ಹತ್ರ ನಂಬಬೇಡಿ ಅಂತ ಹುಡುಗರಿಗೆ ಹೇಳ್ತಿರ್ತೀನಿ.

ಇನ್ನೊಂದು ದೊಡ್ಡ ಗುಂಡಿ ಇದೆ. ನಮ್ಮ 'ಆಗು' ನೌನ್ ಜೊತೇಲೂ ಆರಾಮಾಗಿ ಹೋಗುತ್ತೆ, ಅಣ್ಣ ಡಾಕ್ಟರ್ ಆದ, ಅವರು ಮೆಂಬರ್ ಆದ್ರು. ಗೆಟ್ ಇಲ್ಲಿ ಬರೋದೇ ಇಲ್ಲ, ಬಿಕಮ್ ಬೇಕು. 'ಗೆಟ್ ಎ ಡಾಕ್ಟರ್' ಅಂದ್ರೆ ಓಡು, ಡಾಕ್ಟರನ್ನ ಕರ್ಕೊಂಡು ಬಾ ಅಂತ. ಜರ್ಮನ್ನರದ್ದು ನಮಗೆ ಉಲ್ಟಾ, ಅವರ 'ಬೆಕಾಮನ್' ಅಂದ್ರೆ ಸಿಗು, ಪಡೆ ಅಂತ, ಕೇಳೋಕೆ ಬಿಕಮ್ ಥರಾನೇ ಇರುತ್ತೆ, ಹಂಗಾಗಿ ಇಂಗ್ಲಿಷ್ ಕಲಿಯೋವಾಗ ಗೆಟ್ ಅನ್ನಬೇಕಾದ ಕಡೆ ಬಿಕಮ್ ಅಂದುಬಿಡ್ತಾರೆ. ಗೆಟ್ ಅನ್ನೋದು ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ 'ಗೆಟಾ' ಇಂದ ಬಂದಿದ್ದು, ಮೊದಲು ಇದ್ದ ಅರ್ಥ ಪಡೆಯೋದು ಅಂತಲೇ, 'ಆಗು' ಅನ್ನೋದು ಎಷ್ಟೋ ಕಾಲ ಆದ್ಮೇಲೆ ಸೇರ್ಕೊಳ್ತು. ನೌನ್ ಜೊತೆ ಈಗಲೂ ಆ ಹಳೇ ಅರ್ಥವೇ ಉಳಿದಿದೆ ಅಂತ ನೆನಪಿಟ್ಕೊಂಡ್ರೆ ಸಾಕು.

ಇಂಟರ್‌ವ್ಯೂಲಿ ಜಾಸ್ತಿ ಬರೋದು ಸೆಲೆಕ್ಟ್, ಟ್ರಾನ್ಸ್‌ಫರ್, ಪ್ರಮೋಷನ್ ಇವು. ಕನ್ನಡದಲ್ಲಿ 'ಸೆಲೆಕ್ಟ್ ಆದೆ' ಅಂತೀವಲ್ಲ, ಅದನ್ನೇ 'ಐ ಗಾಟ್ ಸೆಲೆಕ್ಟ್' ಅಂತ ಹೇಳಿಬಿಡ್ತೀವಿ. ಕೊನೇಲಿ ಆ ಇ-ಡಿ ಸೇರಿಸ್ಲೇಬೇಕು, 'ಐ ಗಾಟ್ ಸೆಲೆಕ್ಟೆಡ್'. ಗಾಟ್ ಮ್ಯಾರೀಡ್, ಗಾಟ್ ಡ್ಯಾಮೇಜ್ಡ್, ಎಲ್ಲ ಒಂದೇ ಜಾತಿ. ಟ್ರಾನ್ಸ್‌ಫರ್ ಎರಡೂ ಥರ ನಡೆಯುತ್ತೆ, 'ಐ ಗಾಟ್ ಎ ಟ್ರಾನ್ಸ್‌ಫರ್' ಅಂದ್ರೆ ವರ್ಗಾವಣೆ ಸಿಕ್ತು, ಕೇಳಿ ಪಡ್ಕೊಂಡಂಗೆ ಕೇಳಿಸುತ್ತೆ, 'ಐ ಗಾಟ್ ಟ್ರಾನ್ಸ್‌ಫರ್ಡ್' ಅಂದ್ರೆ ವರ್ಗ ಆದೆ, ಅವರೇ ಕಳಿಸಿದ್ರು ಅನ್ನೋ ಹಾಗೆ. ಎ ಹಾಕ್ದೆ ಇ-ಡಿನೂ ಹಾಕ್ದೆ 'ಗಾಟ್ ಟ್ರಾನ್ಸ್‌ಫರ್' ಅಂದ್ರೆ ಎರಡೂ ಅಲ್ಲ.

ಗೆಟ್ ಆದ್ಮೇಲೆ ಒಂದು ವಸ್ತು, ಅದರ ಮುಂದೆ ಅಡ್ಜೆಕ್ಟಿವ್ ಬಂದ್ರೆ ನಮ್ಮ ಆಗು ಹೋಗಿ ಮಾಡು ಬರುತ್ತೆ. ಗೆಟ್ ರೆಡಿ, ರೆಡಿ ಆಗು. ಗೆಟ್ ದ ಲೋಡ್ ರೆಡಿ, ಲೋಡ್ ರೆಡಿ ಮಾಡು. ಅದೇ ಜಾಗದಲ್ಲಿ ಇ-ಡಿ ಪದ ಬಂದ್ರೆ ಮಾಡಿಸು, 'ಐ ಗಾಟ್ ದ ಬೈಕ್ ರಿಪೇರ್ಡ್' ಅಂದ್ರೆ ರಿಪೇರಿ ಮಾಡಿಸ್ದೆ. ಆಗು, ಮಾಡು, ಮಾಡಿಸು ಮೂರನ್ನೂ ಈ ಒಂದು ಪದ ಹೊರುತ್ತೆ, ನನಗೆ ಗೆಟ್ ಮೇಲೆ ಪ್ರೀತಿ ಬಂದಿದ್ದೇ ಇದು ಗೊತ್ತಾದ ದಿನ.

ಒಂದು ಸಣ್ಣ ವಿಷಯ, ಕೊಳೆತು ಕೆಟ್ಟು ಹೋಗೋದಕ್ಕೆ ಗೆಟ್ ಬಳಸಬೇಡಿ. ನಾವು ಹಾಲು ಕೆಟ್ಟುಹೋಯ್ತು ಅಂತೀವಿ, ಅವರೂ 'ದ ಮಿಲ್ಕ್ ವೆಂಟ್ ಬ್ಯಾಡ್' ಅಂತಾರೆ, ಇಬ್ಬರ ಬಾಯಲ್ಲೂ ಹೋಗೋದೇ.

ಕೊನೇಗೆ ನೀವು ಬರೆದಿದ್ದ ಆ ಸಾಲು, 'ಮೈ ಫಾದರ್ ಗಾಟ್ ಸಿಕ್‌ನೆಸ್ ಸೋ ಐ ಗಾಟ್ ಗ್ಯಾಪ್'. ಅಪ್ಪನಿಗೆ ಹುಷಾರಿರಲಿಲ್ಲ ಅಂತ ಒಂದು ವರ್ಷ ಓದು ಬಿಟ್ಟು ನೋಡ್ಕೊಂಡಿದ್ದೀರ, ಅದು ಹೇಳಲೇಬೇಕಾದ ಮಾತು, ಸರಿಯಾಗಿ ಹೇಳಿ. ಅಪ್ಪ ಹುಷಾರು ತಪ್ಪಿದ್ರು, ಸ್ಥಿತಿ ಬದಲಾಯ್ತು, ಅಡ್ಜೆಕ್ಟಿವ್: 'ಮೈ ಫಾದರ್ ಗಾಟ್ ಸಿಕ್'. ಗ್ಯಾಪ್ ನಿಮಗೆ ಯಾರೂ ಕೊಟ್ಟಿದ್ದಲ್ಲ, ನೀವೇ ತಗೊಂಡಿದ್ದು, ಅಲ್ಲಿ ಗೆಟ್ ಬೇಡವೇ ಬೇಡ: 'ಐ ಟುಕ್ ಎ ಇಯರ್ ಆಫ್ ಟು ಲುಕ್ ಆಫ್ಟರ್ ಹಿಮ್'. ಆಮೇಲೆ 'ಹಿ ಗಾಟ್ ಬೆಟರ್, ಸೋ ಐ ವೆಂಟ್ ಬ್ಯಾಕ್ ಅಂಡ್ ಫಿನಿಶ್ಡ್ ಮೈ ಡಿಪ್ಲೊಮಾ' ಅಂತ ಮುಗಿಸಿ. ಕನ್ನಡಿ ಮುಂದೆ ನಿಂತು ಹತ್ತು ಸಲ ಜೋರಾಗಿ ಹೇಳಿ ನೋಡಿ, ಎಲ್ಲಾದ್ರೂ ತಡವರಿಸಿದ್ರೆ ಆ ಸಾಲನ್ನ ಇಲ್ಲೇ ಬರೀರಿ, ನೋಡಿ ಹೇಳ್ತೀನಿ.