ಎಣಿಕೆ ಬೇರೆ, ಗುಣಮಟ್ಟ ಬೇರೆ: ಅಂಡಾಶಯದ ಬಗ್ಗೆ ಓದುಗರ ಪ್ರಶ್ನೆಗಳು

ಅಂಡಾಶಯ ಮತ್ತು ಹೆಣ್ಣಿನ ಸಂತಾನಶಕ್ತಿಯ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನನಗೆ 33 ವರ್ಷ. ಮಗುವಿಗಾಗಿ ಪ್ರಯತ್ನಿಸಲು ಈಗಷ್ಟೇ ಆರಂಭಿಸಿದ್ದೇವೆ. ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ಸೇರಿದ್ದ ಎ.ಎಂ.ಎಚ್. ರಕ್ತಪರೀಕ್ಷೆಯ ಫಲಿತಾಂಶ ಕಡಿಮೆ ಎಂದು ಬಂದಿದೆ. ಮುಟ್ಟು ತಿಂಗಳು ತಿಂಗಳು ಸರಿಯಾಗಿಯೇ ಆಗುತ್ತಿದೆ. ಸಹಜವಾಗಿ ಗರ್ಭ ನಿಲ್ಲುವುದು ಕಷ್ಟವೆಂದು ಇದರರ್ಥವೇ?

ಉತ್ತರ: ಆ ಒಂದು ವರದಿಯಿಂದ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಅಂಡಾಶಯದಲ್ಲಿ ಪ್ರತಿಯೊಂದು ಅಂಡಾಣುವೂ ಫಾಲಿಕಲ್ ಎಂಬ ಪುಟ್ಟ ಕೋಶದ ಚೀಲದೊಳಗೆ ಇರುತ್ತದೆ; ಬೆಳೆಯಲು ತೊಡಗಿದ ಸಣ್ಣ ಫಾಲಿಕಲ್‌ಗಳು ಸ್ರವಿಸುವ ಹಾರ್ಮೋನೇ ಎ.ಎಂ.ಎಚ್. ಹೀಗಾಗಿ ಬೆಳವಣಿಗೆಯ ಹಾದಿಯಲ್ಲಿ ಎಷ್ಟು ಫಾಲಿಕಲ್‌ಗಳಿವೆ, ಅದರ ಆಧಾರದ ಮೇಲೆ ದಾಸ್ತಾನಿನಲ್ಲಿ ಸುಮಾರು ಎಷ್ಟು ಉಳಿದಿರಬಹುದು ಎಂಬುದನ್ನು ಅದು ಸೂಚಿಸುತ್ತದೆ. ಆ ಅಂಡಾಣುಗಳ ಗುಣಮಟ್ಟ ಹೇಗಿದೆ ಎಂಬುದನ್ನು ಅದು ಹೇಳಲಾರದು. ಸಹಜ ಗರ್ಭಧಾರಣೆಗೆ ತಿಂಗಳಿಗೆ ಒಂದು ಒಳ್ಳೆಯ ಅಂಡಾಣು ಸಾಕು. ಹಿಂದೆ ಸಾಲಿನಲ್ಲಿ ಹತ್ತು ಸಾವಿರ ನಿಂತಿವೆಯೋ ಐವತ್ತು ಸಾವಿರ ನಿಂತಿವೆಯೋ ಎಂಬುದು ಈ ತಿಂಗಳ ಮಟ್ಟಿಗೆ ಮುಖ್ಯವಲ್ಲ.

ಇದನ್ನು ನೇರವಾಗಿ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಬಂಜೆತನದ ಹಿನ್ನೆಲೆಯಿಲ್ಲದ, 30ರಿಂದ 44 ವರ್ಷದೊಳಗಿನ ಸುಮಾರು 750 ಮಹಿಳೆಯರನ್ನು ಅವರು ಮಗುವಿಗಾಗಿ ಪ್ರಯತ್ನಿಸಲು ಆರಂಭಿಸಿದ ಹೊತ್ತಿನಿಂದ ಗಮನಿಸುತ್ತ ಹೋದಾಗ, ವಯಸ್ಸಿನ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದ ಮೇಲೆ, ಎ.ಎಂ.ಎಚ್. ಕಡಿಮೆಯಿದ್ದವರು ಗರ್ಭ ಧರಿಸುವ ಸಾಧ್ಯತೆ ಉಳಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಈ ಪರೀಕ್ಷೆಯ ನಿಜವಾದ ಉಪಯೋಗವಿರುವುದು ಅಂಡಾಣುಗಳನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಫಲಗೊಳಿಸುವ ಐವಿಎಫ್ ಚಿಕಿತ್ಸೆಯಲ್ಲಿ. ಚುಚ್ಚುಮದ್ದಿಗೆ ಅಂಡಾಶಯ ಹೇಗೆ ಸ್ಪಂದಿಸಬಹುದು, ಎಷ್ಟು ಅಂಡಾಣು ದೊರಕಬಹುದು, ಔಷಧದ ಪ್ರಮಾಣ ಎಷ್ಟಿರಬೇಕು ಎಂದು ನಿರ್ಧರಿಸಲು ಅದು ನೆರವಾಗುತ್ತದೆ. ಯಾವ ತೊಂದರೆಯೂ ಇಲ್ಲದವರ ತಪಾಸಣಾ ಪ್ಯಾಕೇಜಿನಲ್ಲಿ ಅದನ್ನು ಸೇರಿಸುವುದರಿಂದ ಆತಂಕ ಹೆಚ್ಚುತ್ತದೆಯೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

35 ವರ್ಷದೊಳಗಿನವರು ಒಂದು ವರ್ಷ, ಅದಕ್ಕಿಂತ ಮೇಲ್ಪಟ್ಟವರು ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕೆಂಬುದು ರೂಢಿಯ ಸಲಹೆ. ಮುಟ್ಟು ಏರುಪೇರಾದರೆ ಅಥವಾ ತಾಯಿಗೋ ಅಕ್ಕಂದಿರಿಗೋ ಬಹಳ ಬೇಗ ಮುಟ್ಟು ನಿಂತಿದ್ದರೆ ಅಷ್ಟು ಕಾಯುವುದು ಬೇಡ. ಪತಿಯ ವೀರ್ಯ ಪರೀಕ್ಷೆಯೂ ಜೊತೆಯಲ್ಲೇ ಆಗಲಿ. ಹೆಂಡತಿಯ ಎಲ್ಲ ಪರೀಕ್ಷೆಗಳೂ ಮುಗಿದ ನಂತರವಷ್ಟೇ ಗಂಡನ ಸರದಿ ಬರುವ ಪದ್ಧತಿಗೆ ವೈಜ್ಞಾನಿಕ ಕಾರಣವೇನೂ ಇಲ್ಲ.

ಪ್ರಶ್ನೆ: ನಾನು ಜೀವಶಾಸ್ತ್ರದ ಅಧ್ಯಾಪಕ. ಹೆಣ್ಣು ಹುಟ್ಟುವಾಗಲೇ ಜೀವನಕ್ಕೆ ಬೇಕಾದ ಎಲ್ಲ ಅಂಡಾಣುಗಳನ್ನೂ ಹೊತ್ತು ಬರುತ್ತಾಳೆ ಎಂದು ಪಾಠ ಮಾಡುತ್ತೇನೆ. ಆದರೆ ಅಂಡಾಶಯದಲ್ಲಿ ಕಾಂಡಕೋಶಗಳಿದ್ದು ಹೊಸ ಅಂಡಾಣುಗಳು ಹುಟ್ಟುತ್ತವೆ ಎಂದೂ ಓದಿದ್ದೇನೆ. ಯಾವುದು ಸರಿ?

ಉತ್ತರ: ಮನುಷ್ಯರ ಮಟ್ಟಿಗೆ ನಿಮ್ಮ ಪಾಠವೇ ಸದ್ಯಕ್ಕೆ ಸರಿ. ತಾಯಿಯ ಗರ್ಭದಲ್ಲಿ ಸುಮಾರು 20 ವಾರ ತುಂಬಿದ ಹೆಣ್ಣು ಭ್ರೂಣದಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಅವು 10ರಿಂದ 20 ಲಕ್ಷಕ್ಕೆ, ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷಕ್ಕೆ ಇಳಿಯುತ್ತವೆ. ಜೀವನವಿಡೀ ಅಂಡಾಶಯದಿಂದ ಹೊರಬರುವುದು ನಾಲ್ಕು-ಐದು ನೂರು ಮಾತ್ರ. ಉಳಿದವೆಲ್ಲ ಅಲ್ಲೇ ಕ್ಷಯಿಸಿ, ದಾಸ್ತಾನು ಒಂದು ಸಾವಿರದ ಆಸುಪಾಸಿಗೆ ಬಂದಾಗ ಋತುಬಂಧವಾಗುತ್ತದೆ.

ಈ ದಾಸ್ತಾನು ಮರುಪೂರಣವಾಗುವುದಿಲ್ಲ ಎಂಬ ತಿಳಿವಳಿಕೆ 1951ರಲ್ಲಿ ಬ್ರಿಟನ್ನಿನ ವಿಜ್ಞಾನಿ ಸಾಲಿ ಜುಕರ್‌ಮನ್ ಅವರು ಅಂದಿನ ಪುರಾವೆಗಳನ್ನೆಲ್ಲ ಒಟ್ಟುಗೂಡಿಸಿ ಬರೆದ ಮೇಲೆ ಗಟ್ಟಿಯಾಯಿತು. 2004ರಲ್ಲಿ ಅಮೆರಿಕದ ವಿಜ್ಞಾನಿ ಜೊನಾಥನ್ ಟಿಲ್ಲಿ ಅವರ ತಂಡ ಇಲಿಗಳ ಅಂಡಾಶಯದಲ್ಲಿ ಹೊಸ ಅಂಡಾಣುಗಳು ಹುಟ್ಟುತ್ತವೆ ಎಂದು, 2012ರಲ್ಲಿ ಮಹಿಳೆಯರ ಅಂಡಾಶಯದಲ್ಲಿಯೂ ಅಂಥ ಕಾಂಡಕೋಶಗಳಿವೆ ಎಂದು ಪ್ರಕಟಿಸಿದಾಗ ದೊಡ್ಡ ಕೋಲಾಹಲವೇ ಎದ್ದಿತು. ವಿವಾದದ ತಿರುಳು ಬಹಳ ಸಣ್ಣದು. ಆ ಕೋಶಗಳನ್ನು ಹೆಕ್ಕಿ ತೆಗೆಯಲು ಬಳಸಿದ್ದು ಡಿಡಿಎಕ್ಸ್4 ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು. ಆದರೆ ಆ ಪ್ರೋಟೀನು ಇರುವುದು ಕೋಶದ ಒಳಗೆ, ಪ್ರತಿಕಾಯವು ಹಿಡಿದದ್ದು ಹೊರಮೈಯನ್ನು. ಹಾಗಾದರೆ ಅದು ಹಿಡಿದದ್ದಾದರೂ ಏನನ್ನು? ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಮಾನವ ಅಂಡಾಶಯದ ಹೊರಪದರದ ಸಾವಿರಾರು ಕೋಶಗಳ ವಂಶವಾಹಿ ಚಟುವಟಿಕೆಯನ್ನು ಒಂದೊಂದಾಗಿ ಓದಿ ನೋಡಿದಾಗ, ಆ ಪ್ರತಿಕಾಯಕ್ಕೆ ಸಿಕ್ಕುತ್ತಿದ್ದವು ರಕ್ತನಾಳಗಳ ಸುತ್ತ ಇರುವ ಕೋಶಗಳೆಂದು ಕಂಡುಬಂತು. ಅಂಡಾಣುಗಳನ್ನು ಹುಟ್ಟಿಸಬಲ್ಲ ಕಾಂಡಕೋಶ ಅಲ್ಲಿ ಕಾಣಲಿಲ್ಲ.

ವಿದ್ಯಾರ್ಥಿಗಳಿಗೆ ಹೇಳಬಹುದಾದ ಸ್ವಾರಸ್ಯದ ಸಂಗತಿಯೊಂದಿದೆ. ನೆಲದಡಿ ವಾಸಿಸುವ, ಮೈಮೇಲೆ ಕೂದಲಿಲ್ಲದ ನೇಕೆಡ್ ಮೋಲ್ ರ್‍ಯಾಟ್ ಎಂಬ ಪ್ರಾಣಿಯಲ್ಲಿ ಹುಟ್ಟಿದ ನಂತರವೂ ಅಂಡಾಣುಗಳು ತಯಾರಾಗುತ್ತವೆ ಎಂದು 2023ರಲ್ಲಿ ತಿಳಿದುಬಂತು. ಅಂದರೆ ಸಸ್ತನಿಗಳಿಗೆ ಇದು ಅಸಾಧ್ಯವೇನಲ್ಲ. ನಮ್ಮಲ್ಲಿ ಹಾಗೆ ಆಗುವುದಿಲ್ಲ, ಅಷ್ಟೆ.

ಪ್ರಶ್ನೆ: ಎಂಟು ವರ್ಷ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಿದ್ದೇನೆ. ಅಷ್ಟು ಕಾಲ ಅಂಡಾಣು ಬಿಡುಗಡೆಯಾಗದ್ದರಿಂದ ಅವೆಲ್ಲ ಉಳಿತಾಯವಾಗಿವೆಯೇ?

ಉತ್ತರ: ಇಲ್ಲ. ಮಾತ್ರೆಯಿಂದ ನಷ್ಟವೂ ಆಗಿಲ್ಲ. ಸುಪ್ತವಾಗಿರುವ ಫಾಲಿಕಲ್‌ಗಳು ಬೆಳೆಯಲು ಹೊರಡುವುದಕ್ಕೆ ಮಿದುಳಿನಡಿಯ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳ ಅಪ್ಪಣೆ ಬೇಕಿಲ್ಲ. ಬಾಲ್ಯದಲ್ಲೂ ಬಸಿರಿನಲ್ಲೂ ಮಾತ್ರೆ ನುಂಗುವಾಗಲೂ ಅವು ದಿನವೂ ಒಂದಷ್ಟು ಹೊರಡುತ್ತಲೇ ಇರುತ್ತವೆ, ದಾರಿಯಲ್ಲಿ ನಶಿಸುತ್ತಲೂ ಇರುತ್ತವೆ. ಮಾತ್ರೆ ತಡೆಯುವುದು ಕೊನೆಯ ಹಂತವನ್ನು ಮಾತ್ರ. ಐವಿಎಫ್‌ನಲ್ಲಿ ಒಮ್ಮೆಲೇ ಹತ್ತು-ಹನ್ನೆರಡು ಅಂಡಾಣು ತೆಗೆದರೆ ದಾಸ್ತಾನು ಬೇಗ ಬರಿದಾಗುತ್ತದೆ ಎಂಬ ಭಯಕ್ಕೂ ಇದೇ ಉತ್ತರ: ಆ ತಿಂಗಳು ಹೇಗೂ ನಶಿಸಲಿದ್ದವುಗಳನ್ನೇ ಅಲ್ಲಿ ಉಳಿಸಿಕೊಳ್ಳಲಾಗುತ್ತದೆ. ಮಾತ್ರೆ ಸೇವಿಸುತ್ತಿರುವಾಗ ಎ.ಎಂ.ಎಚ್. ಮಟ್ಟ ತಾತ್ಕಾಲಿಕವಾಗಿ ತಗ್ಗುತ್ತದೆ; ಆಗ ಆ ಪರೀಕ್ಷೆ ಮಾಡಿಸಿ ಗಾಬರಿಯಾಗಬೇಡಿ.

ಪ್ರಶ್ನೆ: ದೇಹದ ಬೇರೆ ಅಂಗಗಳೆಲ್ಲ ಚೆನ್ನಾಗಿರುವ 40ರ ವಯಸ್ಸಿನಲ್ಲಿ ಅಂಡಾಣು ಮಾತ್ರ ಏಕೆ ಹಾಳಾಗುತ್ತದೆ?

ಉತ್ತರ: ಅದು ಆ ಮಹಿಳೆಯಷ್ಟೇ ವಯಸ್ಸಾದ ಒಂದೇ ಒಂದು ಕೋಶವಾದ್ದರಿಂದ. ಚರ್ಮದ ಕೋಶ ಕೆಲವು ವಾರಗಳಲ್ಲಿ ಬದಲಾಗುತ್ತದೆ. ಅಂಡಾಣುವಾದರೋ ಭ್ರೂಣಾವಸ್ಥೆಯಲ್ಲೇ ತನ್ನ ವಿಶೇಷ ವಿಭಜನೆಯನ್ನು ಆರಂಭಿಸಿ, ಅರ್ಧದಲ್ಲಿ ನಿಲ್ಲಿಸಿ, ಹೊರಬರುವ ದಿನದವರೆಗೆ ದಶಕಗಟ್ಟಲೆ ಬೂದಿ ಮುಚ್ಚಿದ ಕೆಂಡದಂತೆ ಕಾಯುತ್ತದೆ. ಈ ಕಾಯುವಿಕೆಯ ಒಂದು ಗುಟ್ಟನ್ನು ಬಾರ್ಸಿಲೋನಾದ ಎಲ್ವಾನ್ ಬೋಕೆ ಅವರ ತಂಡ 2022ರಲ್ಲಿ ಬಿಡಿಸಿತು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ‘ಕಾಂಪ್ಲೆಕ್ಸ್ 1’ ಎಂಬ ಮುಖ್ಯ ಭಾಗವೊಂದಿದೆ; ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಉಪೋತ್ಪನ್ನಗಳು ಹೆಚ್ಚಾಗಿ ಹುಟ್ಟುವುದೂ ಅಲ್ಲೇ. ಎಳೆಯ ಅಂಡಾಣು ಆ ಭಾಗವನ್ನೇ ಕಟ್ಟಿಕೊಳ್ಳದೆ ಬದುಕುತ್ತದೆ.

ಆದರೆ ಎಲ್ಲವನ್ನೂ ಹೀಗೆ ಕಾಪಾಡಲಾಗುವುದಿಲ್ಲ. ವರ್ಣತಂತುವಿನ ಎರಡು ಪ್ರತಿಗಳನ್ನು ಒಟ್ಟಿಗೆ ಹಿಡಿದಿಡುವ ಕೊಹೀಸಿನ್ ಎಂಬ ಪ್ರೋಟೀನಿನ ಉಂಗುರಗಳು ಭ್ರೂಣಾವಸ್ಥೆಯಲ್ಲಿ ತೊಡಿಸಿದಂಥವು. ಆಮೇಲೆ ಅವನ್ನು ಬದಲಾಯಿಸುವ ವ್ಯವಸ್ಥೆ ಇಲ್ಲವೆಂದು ಇಲಿಗಳ ಪ್ರಯೋಗಗಳು ತೋರಿಸಿವೆ. ವರ್ಷಗಳು ಕಳೆದಂತೆ ಉಂಗುರಗಳು ಕಳಚುತ್ತವೆ. ವಯಸ್ಸಾದ ಅಂಡಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಂದಕ್ಕೊಂದು ಒತ್ತಿಕೊಂಡಿರಬೇಕಾದ ಎರಡು ಪ್ರತಿಗಳ ನಡುಬಿಂದುಗಳ ಮಧ್ಯೆ ಅಂತರ ಕಾಣುತ್ತದೆ. ವಿಭಜನೆಯ ಎಳೆಗಳು ಅವನ್ನು ಒಂದೇ ಕಡೆಗೆ ಎಳೆಯುವ ಬದಲು ಎರಡು ಕಡೆಗೂ ಎಳೆದಾಡುತ್ತವೆ. ಪರಿಣಾಮವಾಗಿ ಅಂಡಾಣುವಿನಲ್ಲಿ ಒಂದು ವರ್ಣತಂತು ಹೆಚ್ಚಾಗುತ್ತದೆ ಅಥವಾ ಕಡಿಮೆಯಾಗುತ್ತದೆ. ಅಂಥ ಬಹುತೇಕ ಭ್ರೂಣಗಳು ನಿಲ್ಲುವುದೇ ಇಲ್ಲ, ಇಲ್ಲವೇ ಗರ್ಭಪಾತವಾಗುತ್ತದೆ. 21ನೆಯ ವರ್ಣತಂತು ಹೆಚ್ಚಾದ ಮಗು ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟುತ್ತದೆ. ತಾಯಿಗೆ 25 ವರ್ಷವಿದ್ದಾಗ ಸುಮಾರು 1,250ಕ್ಕೆ ಒಂದರಷ್ಟಿರುವ ಈ ಸಾಧ್ಯತೆ 40ನೆಯ ವಯಸ್ಸಿನಲ್ಲಿ ಸುಮಾರು 100ಕ್ಕೆ ಒಂದಾಗುತ್ತದೆ.

ಎಣಿಕೆಯ ಕಥೆಯಲ್ಲಿ ವಂಶವಾಹಿಗಳ ಪಾತ್ರವೂ ಇದೆ. ಸುಮಾರು ಎರಡು ಲಕ್ಷ ಮಹಿಳೆಯರ ಮಾಹಿತಿಯನ್ನು ಜಾಲಾಡಿದ 2021ರ ಸಂಶೋಧನೆ, ಋತುಬಂಧದ ವಯಸ್ಸಿನ ಮೇಲೆ ಪ್ರಭಾವ ಬೀರುವ 290 ತಾಣಗಳನ್ನು ಡಿಎನ್‌ಎಯಲ್ಲಿ ಗುರುತಿಸಿತು. ಅವುಗಳಲ್ಲಿ ಹಲವು ಡಿಎನ್‌ಎಗೆ ಆದ ಹಾನಿಯನ್ನು ಪತ್ತೆಹಚ್ಚಿ ರಿಪೇರಿ ಮಾಡುವ ಕೆಲಸಕ್ಕೆ ಸೇರಿದವು. ಹಾನಿಗೊಂಡ ಅಂಡಾಣುವನ್ನು ಕೊಲ್ಲಲು ಆದೇಶಿಸುವ ಚೆಕ್2 ಎಂಬ ವಂಶವಾಹಿಯನ್ನು ತೆಗೆದ ಇಲಿಗಳಲ್ಲಿ ಸಂತಾನಶಕ್ತಿ ಹೆಚ್ಚು ಕಾಲ ಉಳಿಯಿತು. ಅದನ್ನೇ ಔಷಧವಾಗಿಸಿದರೆ ಸಾಯಬೇಕಾದ ಅಂಡಾಣುಗಳನ್ನೂ ಉಳಿಸಿಕೊಂಡಂತಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪ್ರಶ್ನೆ: ಅಂಡಾಶಯಕ್ಕೆ ಮರುಯೌವನ ನೀಡುವ ಇಂಜೆಕ್ಷನ್ ಎಂಬ ಜಾಹೀರಾತು ನೋಡಿದೆ. ಪ್ರಯೋಗಾಲಯದಲ್ಲಿ ಅಂಡಾಣು ತಯಾರಿಸುವ ಸುದ್ದಿಯೂ ಬರುತ್ತಿದೆ. ಇವುಗಳನ್ನು ನಂಬಿ ಕಾಯಬಹುದೇ?

ಉತ್ತರ: ಜಾಹೀರಾತಿನ ಇಂಜೆಕ್ಷನ್ ಬಹುಶಃ ಪಿಆರ್‌ಪಿ ಇರಬೇಕು: ರೋಗಿಯದೇ ರಕ್ತದಿಂದ ಪ್ಲೇಟ್‌ಲೆಟ್ ಸಾಂದ್ರಗೊಳಿಸಿ ಅಂಡಾಶಯಕ್ಕೆ ಚುಚ್ಚುತ್ತಾರೆ. ಎ.ಎಂ.ಎಚ್. ಮಟ್ಟ ತಾನಾಗಿಯೇ ತುಸು ಏರಿಳಿಯುತ್ತದೆ, ದಾಸ್ತಾನು ಕಡಿಮೆಯಿರುವವರಿಗೂ ಆಗೊಮ್ಮೆ ಈಗೊಮ್ಮೆ ಸಹಜವಾಗಿಯೇ ಗರ್ಭ ನಿಲ್ಲುತ್ತದೆ. ಹೀಗಿರುವಾಗ ಚುಚ್ಚಿಸಿಕೊಳ್ಳದವರ ಜೊತೆ ಹೋಲಿಸದ ಯಶಸ್ಸಿನ ಕಥೆಗಳಿಗೆ ಬೆಲೆ ಕೊಡಲಾಗದು. ರಾಪಮೈಸಿನ್ ಎಂಬ ಔಷಧ ಇಲಿಗಳಲ್ಲಿ ಅಂಡಾಶಯದ ಮುಪ್ಪನ್ನು ನಿಧಾನಿಸಿದ್ದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಮಹಿಳೆಯರಲ್ಲಿ ಅದರ ಪ್ರಯೋಗವನ್ನು ಕೈಗೊಂಡಿದೆ. ಅದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವಾದ್ದರಿಂದ ಸ್ವಂತಕ್ಕೆ ಕೊಂಡು ನುಂಗುವ ಸಾಹಸ ಬೇಡ.

ಪ್ರಯೋಗಾಲಯದ ಅಂಡಾಣುವಿನ ವಿಷಯದಲ್ಲಿ ಜಪಾನಿನ ಕತ್ಸುಹಿಕೊ ಹಯಾಶಿ ಅವರ ತಂಡ ಬಹಳ ಮುಂದಿದೆ. 2016ರಲ್ಲಿ ಇಲಿಯ ಕಾಂಡಕೋಶಗಳಿಂದ ಗಾಜಿನ ತಟ್ಟೆಯಲ್ಲೇ ಅಂಡಾಣು ಬೆಳೆಸಿದ ಅವರು, 2023ರಲ್ಲಿ ಗಂಡಿಲಿಯ ಕೋಶದಿಂದಲೂ ಅದನ್ನು ಸಾಧಿಸಿದರು. ಆಗ ಗರ್ಭಕ್ಕೆ ಸೇರಿಸಿದ 630 ಭ್ರೂಣಗಳಲ್ಲಿ ಹುಟ್ಟಿದ್ದು ಏಳು ಮರಿ. ಮನುಷ್ಯರ ಚಿಕಿತ್ಸೆಗೆ ಇದು ಇನ್ನೂ ಬಂದಿಲ್ಲ.

ಕ್ಯಾನ್ಸರ್ ಚಿಕಿತ್ಸೆಗೆ ಒಳಗಾಗುವವರಿಗೆ ಮಾತ್ರ ಕಾಯಬೇಕಾಗಿಲ್ಲದ ದಾರಿಯೊಂದು ಈಗಾಗಲೇ ಇದೆ. ಅಂಡಾಶಯದ ಹೊರಪದರದ ತುಣುಕನ್ನು ಹೆಪ್ಪುಗಟ್ಟಿಸಿಟ್ಟು, ಗುಣವಾದ ಮೇಲೆ ಮತ್ತೆ ಕಸಿ ಮಾಡುವ ಈ ವಿಧಾನದಿಂದ ಮೊದಲ ಮಗು 2004ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿತು. ಅಂದಿನಿಂದ ನೂರಾರು ಮಕ್ಕಳು ಹುಟ್ಟಿದ್ದಾರೆ. ಇನ್ನೂ ಮೈನೆರೆಯದ ಹುಡುಗಿಯರಿಗೆ ಅಂಡಾಣು ತೆಗೆದು ಶೇಖರಿಸಲು ಬಾರದ ಕಾರಣ ಇದೇ ಮುಖ್ಯ ಆಸರೆ. ತುಣುಕನ್ನು ತೆಗೆಯಬೇಕಾದದ್ದು ಸಾಧ್ಯವಾದಷ್ಟು ಕಿಮೊಥೆರಪಿಗೆ ಮುಂಚೆಯೇ ಆದ್ದರಿಂದ, ಕ್ಯಾನ್ಸರ್ ವೈದ್ಯರೊಂದಿಗಿನ ಮೊದಲ ಭೇಟಿಯಲ್ಲೇ ಈ ವಿಷಯ ಪ್ರಸ್ತಾಪಿಸಬೇಕು.