ಆಟೊಪೇ ನಿಲ್ಲಿಸಿದರೆ ಜಿಮ್ ಸದಸ್ಯತ್ವ ರದ್ದಾಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಕಾರವಾರದಲ್ಲಿ ತಿಂಗಳ ಲೆಕ್ಕದ ಜಿಮ್ ಸೇರಿದ್ದೀರಿ, ಈಗ ಶಿರಸಿಗೆ ವರ್ಗವಾಗಿದೆ, ಜಿಮ್‌ನವರು 30 ದಿನ ಮೊದಲೇ ಬರೆದು ಕೊಡಬೇಕು, ಬಾಯಲ್ಲಿ ಹೇಳಿದರೆ ನಡೆಯೋದಿಲ್ಲ ಅಂತಿದ್ದಾರೆ. ಸುಮ್ನೆ ಆಟೊಪೇ (ತಿಂಗಳು ತಿಂಗಳು ಖಾತೆಯಿಂದ ತಾನಾಗಿಯೇ ಹಣ ಹೋಗೋ ವ್ಯವಸ್ಥೆ) ನಿಲ್ಲಿಸಿಬಿಟ್ಟರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗೋದಿಲ್ಲ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವನು.

ನನ್ನ ಮನೆ ಸದಾಶಿವಗಡ, ಜಿಮ್ ಇದ್ದಿದ್ದು ಕಾರವಾರ ಪೇಟೆಯಲ್ಲಿ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತಲ್ಲ, ಆಮೇಲೆ ಎರಡೂ ಕಡೆಯ ವಾಹನ ಒಂದೇ ಸೇತುವೆ ಮೇಲೆ, ಮೇಲಿಂದ ಆ ಮಳೆ. ಸಂಜೆ ಕೆಲಸ ಮುಗಿಸಿ ಮನೆಗೆ ಬಂದವನು ಮತ್ತೆ ಸೇತುವೆ ದಾಟಿ ಡಂಬಲ್ಸ್ ಎತ್ತೋಕೆ ಹೋಗೋ ಉಮೇದು ಉಳಿಯಲಿಲ್ಲ. ಟ್ರೇನರ್ ಹುಡುಗನಿಗೆ ಫೋನ್ ಮಾಡಿ "ಇನ್ನು ಬರೋದಿಲ್ಲ ಮಾರಾಯ, ನನ್ನ ಹೆಸರು ತೆಗೆದುಬಿಡು" ಅಂದೆ. "ಆಯ್ತಣ್ಣ, ಹೇಳ್ತೇನೆ" ಅಂದ. ಮುಗೀತು ಅಂದುಕೊಂಡೆ.

ಸೆಪ್ಟೆಂಬರ್ 5ಕ್ಕೆ 1,200 ರೂಪಾಯಿ ಹೋಯಿತು. ನೋಡಲೇ ಇಲ್ಲ. ಅಕ್ಟೋಬರ್ 5ಕ್ಕೆ ಮತ್ತೆ ಹೋದಾಗ ಎಚ್ಚರಾಯಿತು. 7ಕ್ಕೆ ಹೋಗಿ ಕೇಳಿದರೆ ಮಾಲೀಕರು ನಾನು ಸಹಿ ಮಾಡಿದ ಫಾರ್ಮ್ ತೆಗೆದು ಹಿಂಬದಿ ತೋರಿಸಿದರು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ಇತ್ತು: ಮುಂದಿನ ಹಣ ಕಡಿತಕ್ಕೆ 30 ದಿನ ಮೊದಲು ಲಿಖಿತ ನೋಟಿಸ್. ಸಿಟ್ಟು ಬಂತು, ಮನೆಗೆ ಬಂದವನೇ ಆ್ಯಪ್‌ನಲ್ಲಿ ಆಟೊಪೇ ರದ್ದು ಮಾಡಿದೆ. ಆದರೆ ಆ ದಿನವೂ ಬರೆದು ಏನೂ ಕೊಡಲಿಲ್ಲ ನೋಡಿ, ಅದೇ ದೊಡ್ಡ ದಡ್ಡತನ. ನವೆಂಬರ್ 8ಕ್ಕೆ ಮೆಸೇಜ್ ಬಂತು: ಬಾಕಿ 1,200, ತಡ ಮಾಡಿದ್ದಕ್ಕೆ 300.

ಅವರ ಲೆಕ್ಕದಲ್ಲಿ ನಾನಿನ್ನೂ ಸದಸ್ಯನೇ. ಆಟೊಪೇ ಅನ್ನೋದು ಹಣ ಕೊಡೋ ದಾರಿ ಮಾತ್ರ, ಒಪ್ಪಂದ ಬೇರೆ. ದಾರಿ ಮುಚ್ಚಿದ ಮಾತ್ರಕ್ಕೆ ಸಾಲ ತೀರೋದಿಲ್ಲ ಅಲ್ವಾ, ಹಾಗೆ.

ಕೊನೆಗೆ 9ಕ್ಕೆ ಅರ್ಧ ಪುಟದ ಪತ್ರ ಬರೆದುಕೊಂಡು ಹೋದೆ. ನಿಯಮದ ಪ್ರಕಾರ ಡಿಸೆಂಬರ್ ಹಣವನ್ನೂ ಕೇಳಬಹುದಿತ್ತು. ಬಾಗಿಲಲ್ಲಿದ್ದ ಹೆಬ್ಬೆಟ್ಟಿನ ಮಷೀನ್‌ನಲ್ಲಿ ಆಗಸ್ಟ್ ನಂತರ ನನ್ನ ಹಾಜರಿ ಸೊನ್ನೆ ಅಂತ ತೋರಿಸಿ ಸಮಾಧಾನವಾಗಿ ಮಾತಾಡಿದ್ದಕ್ಕೆ ನವೆಂಬರ್‌ದಷ್ಟೇ ತೆಗೆದುಕೊಂಡು 300 ಬಿಟ್ಟರು. ಒಟ್ಟು 3,600 ರೂಪಾಯಿ. ನವೆಂಬರ್ ಹಣ ದಂಡ ಆಗಬಾರದು ಅಂತ ಹಟಕ್ಕೆ ಬಿದ್ದು ಆರು ದಿನ ಜಿಮ್‌ಗೂ ಹೋದೆ, ಸೊಂಟ ಹಿಡಿದುಕೊಂಡಿತು, ಅದು ಬೇರೆ ಕಥೆ.

ಈಗ ನಿಮ್ಮ ವಿಷಯ. ನಾಳೆಯೇ ಪತ್ರ ಕೊಡಿ. ಎಷ್ಟನೇ ತಾರೀಖಿಗೆ ಹಣ ಹೋಗುತ್ತೆ ಅಂತ ಮೊದಲು ನೋಡಿ, ಯಾಕಂದ್ರೆ ಎರಡು ದಿನದ ತಡ ಒಂದು ತಿಂಗಳ ಹಣ ತಿನ್ನುತ್ತೆ. ನನ್ನದನ್ನೇ ತಗೊಳ್ಳಿ: ಅಕ್ಟೋಬರ್ 4ಕ್ಕೆ ಪತ್ರ ಕೊಟ್ಟಿದ್ದರೆ 30 ದಿನ ನವೆಂಬರ್ 3ಕ್ಕೆ ಮುಗೀತಿತ್ತು, 5ರ ಕಂತು ಕೊಡಬೇಕಿರಲಿಲ್ಲ. 7ಕ್ಕೆ ಕೊಟ್ಟಿದ್ದರೆ ನವೆಂಬರ್ 6ಕ್ಕೆ ಮುಗೀತಿತ್ತು, ಒಂದೇ ಒಂದು ದಿನಕ್ಕೆ ಆ ಕಂತೂ ಹೋಗ್ತಿತ್ತು. ಫಾರ್ಮ್‌ನ ಹಿಂಬದಿಯ ಫೋಟೋನೂ ತೆಗೆದುಕೊಳ್ಳಿ. ಕೆಲವು ಕಡೆ ನೋಟಿಸ್ ಕೊಟ್ಟ ದಿನದಿಂದ 30 ದಿನ ಅಂತಿರುತ್ತೆ, ಕೆಲವು ಕಡೆ ಕಂತಿಗೆ 30 ದಿನ ಮೊದಲು ಅಂತ. ಎರಡೂ ಒಂದೇ ಅಲ್ಲ.

ಪತ್ರ ಕನ್ನಡದಲ್ಲೇ ಇರಲಿ, ಏನೂ ತೊಂದರೆ ಇಲ್ಲ. ಹೆಸರು, ಸದಸ್ಯತ್ವದ ನಂಬರ್, ತಾರೀಖು ಹಾಕಿ "ನನಗೆ ವರ್ಗವಾಗಿರುವುದರಿಂದ ಸದಸ್ಯತ್ವ ರದ್ದು ಮಾಡಿ, ಇದನ್ನೇ 30 ದಿನಗಳ ನೋಟಿಸ್ ಎಂದು ತಿಳಿಯಿರಿ, ಆ 30 ದಿನ ಮುಗಿಯುವ ಇಂಥ ತಾರೀಖಿನ ನಂತರ ಹಣ ಕಡಿತ ಮಾಡಬೇಡಿ" ಅಂತ ಬರೆದು ಆ ಕೊನೆಯ ದಿನದ ತಾರೀಖನ್ನೂ ನೀವೇ ಹಾಕಿ, ಅವರ ಲೆಕ್ಕಕ್ಕೆ ಬಿಡಬೇಡಿ. ಎರಡು ಪ್ರತಿ ಮಾಡಿ. ಒಂದರ ಮೇಲೆ "ಸ್ವೀಕರಿಸಿದೆ" ಅಂತ ಸಹಿ, ತಾರೀಖು, ಇದ್ದರೆ ಸೀಲು. ಮಾಲೀಕರು ಇಲ್ಲ, ನಾಳೆ ಬನ್ನಿ ಅಂದರೆ ಜಗಳಕ್ಕೆ ನಿಲ್ಲಬೇಡಿ, ಸೀದಾ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಪತ್ರದ ಫೋಟೋ ವಾಟ್ಸಾಪ್‌ಗೂ ಹಾಕಿ. ಮೆಸೇಜ್ ನಡೆಯುತ್ತೋ ಇಲ್ಲವೋ ಅಂತ ವಾದ ಬೇಡ, ಕಾಗದ ಇರುವಾಗ ಅದು ಹೆಚ್ಚುವರಿ ಸಾಕ್ಷಿ.

ನೋಟಿಸ್ ಅವಧಿಯ ಕಂತು ಹೋದ ಮೇಲೆ ಆಟೊಪೇ ನಿಲ್ಲಿಸಿ. ಅದಕ್ಕೆ ಜಿಮ್‌ನವರ ಒಪ್ಪಿಗೆ ಬೇಕಿಲ್ಲ, ಯುಪಿಐ ಆ್ಯಪ್‌ನಲ್ಲಿ ನೀವೇ ಮಾಡಬಹುದು. ಹಣ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ನನಗೂ ಬಂದಿತ್ತು, ನಾನು ಸಾಲದ ಜಾಹೀರಾತು ಅಂದುಕೊಂಡು ಸರಿಸಿಬಿಟ್ಟಿದ್ದೆ.

ಇಷ್ಟಾದ ಮೇಲೂ ಹಣ ಕೇಳಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಿಂದಲೂ ಆಗದಿದ್ದರೆ ನಮ್ಮ ಜಿಲ್ಲೆಯ ಗ್ರಾಹಕ ಆಯೋಗ ಕಾರವಾರದಲ್ಲೇ ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಕೊಡಬೇಕು. ಆನ್‌ಲೈನ್‌ನಲ್ಲೂ ಕೊಡಬಹುದು, ಹಾಗಾಗಿ ದೂರು ಹಾಕೋಕೆ ಅಂತಲೇ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರಬೇಕಿಲ್ಲ. ಆದರೂ ಒಂದು ತಿಂಗಳ ಹಣಕ್ಕೆ ನಾನಾದರೆ ಅಲ್ಲಿವರೆಗೆ ಹೋಗೋದಿಲ್ಲ. ವರ್ಷದ್ದು ಒಟ್ಟಿಗೆ ಕಟ್ಟಿದ್ದರೆ ಮಾತು ಬೇರೆ.

ಇನ್ನೊಂದು, ವರ್ಗಾವಣೆ ಆದೇಶದ ಪ್ರತಿ ಪತ್ರಕ್ಕೆ ಲಗತ್ತಿಸಿ. ನೋಟಿಸ್ ಅವಧಿ ಬಿಡ್ತೀರಾ, ಇಲ್ಲಾ ಉಳಿದ ದಿನ ನನ್ನ ಸ್ನೇಹಿತನ ಹೆಸರಿಗೆ ಮಾಡ್ತೀರಾ ಅಂತ ಒಂದು ಮಾತು ಕೇಳಿ ನೋಡಿ. ಪತ್ರ ಕೊಟ್ಟು ಸಹಿ ತಗೊಂಡ ಮೇಲೆ ಕೇಳಿ, ಮೊದಲೇ ಅಲ್ಲ. ಮೊದಲೇ ಕೇಳಿದರೆ "ಯೋಚನೆ ಮಾಡಿ ಹೇಳ್ತೇವೆ" ಅಂತಾರೆ, ಅಷ್ಟರಲ್ಲಿ ಕಂತಿನ ತಾರೀಖು ಬಂದಿರುತ್ತೆ.