ಶಿಖರ ಒಂದನ್ನೇ ಕಾಪಾಡಿದರೆ ಸಾಕೇ?

ಪ್ರಿಯ ಓದುಗರೇ,

ಆಫ್ರಿಕಾದ ಮೌಂಟ್ ಕೆನ್ಯಾ ಮತ್ತು ಮಲೇಷ್ಯಾದ ಕಿನಬಾಲು ಬೆಟ್ಟಗಳ ಚಿತ್ರಲೇಖನ ನಿಮಗೆ ನಿರಾಸೆ ತಂದಿದೆ. "ಪುಟದ ತುಂಬಾ ಮಂಜು, ಬಂಡೆ, ವಿಚಿತ್ರ ಗಿಡಗಳು. ಪ್ರಾಣಿಗಳೆಲ್ಲಿ? ಇಂಥ ಕಡೆ ಶಿಖರ ಕಾಪಾಡಿದರೆ ಸಾಕು. ಅಷ್ಟು ದೊಡ್ಡ ರಾಷ್ಟ್ರೀಯ ಉದ್ಯಾನ ಯಾಕೆ?" ಎಂದು ಕೇಳಿದ್ದೀರಿ. ನಿಮ್ಮಂತೆ ಯೋಚಿಸುವವರು ಜಾಸ್ತಿ ಜನ ಇದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತಿದ್ದೇನೆ.

ದೊಡ್ಡ ಪ್ರಾಣಿಗಳು ಇಲ್ಲ ಅಂತಲ್ಲ. ಮೌಂಟ್ ಕೆನ್ಯಾದ ಕೆಳಗಿನ ಕಾಡಿನಲ್ಲಿ, ಬಿದಿರು ಮೆಳೆಗಳಲ್ಲಿ ಆನೆ, ಕಾಡೆಮ್ಮೆ ಓಡಾಡುತ್ತವೆ. ದಟ್ಟ ಹಸಿರಿನಲ್ಲಿ ಕ್ಯಾಮೆರಾಗೆ ಸಿಗುವುದು ಕಷ್ಟ, ಅಷ್ಟೇ. ಆದರೆ ಉಷ್ಣವಲಯದ ಬೆಟ್ಟವನ್ನು ಆನೆ ಲೆಕ್ಕದಲ್ಲಿ ಅಳೆಯಬಾರದು ಅನ್ನುವುದೇ ನನ್ನ ವಾದ.

ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು 6 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಭೂಮಧ್ಯರೇಖೆಯ ಹತ್ತಿರ ಬೇಸಿಗೆ, ಚಳಿಗಾಲ ಎಂಬ ದೊಡ್ಡ ವ್ಯತ್ಯಾಸ ಇಲ್ಲ. ಹಾಗಾಗಿ ಒಂದು ಎತ್ತರದ ಹವೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಲ್ಲಿನ ಕಪ್ಪೆ, ಪತಂಗ, ಹಕ್ಕಿ ಆ ಹವೆಗೇ ಒಗ್ಗಿಬಿಟ್ಟಿರುತ್ತವೆ. ಅದಕ್ಕಿಂತ ತುಂಬಾ ಕೆಳಗೂ ಬಾಳಲಾರವು, ಮೇಲೂ ಬಾಳಲಾರವು. ಶೀತ ದೇಶಗಳ ಪ್ರಾಣಿಗಳಿಗೆ ಸೆಖೆ, ಹಿಮ ಎರಡೂ ಗೊತ್ತು, ಬೆಟ್ಟ ದಾಟುವುದು ಅವಕ್ಕೆ ಅಷ್ಟು ಕಷ್ಟವಲ್ಲ. ಜೀವವಿಜ್ಞಾನಿ ಡೇನಿಯಲ್ ಜಾನ್ಜೆನ್ 1967ರಲ್ಲೇ ಇದನ್ನು ವಿವರಿಸಿದ್ದರು. ಒಂದೇ ಬೆಟ್ಟದಲ್ಲಿ ಇಷ್ಟೊಂದು ಬಗೆಯ ಜೀವಿಗಳು ಇರುವುದಕ್ಕೆ ಇದೂ ಒಂದು ಕಾರಣ.

ಇನ್ನು ನೀವು ವಿಚಿತ್ರ ಎಂದ ಗಿಡಗಳು. ಮೌಂಟ್ ಕೆನ್ಯಾದಲ್ಲಿ 4000 ಮೀಟರ್ ಎತ್ತರಕ್ಕೆ ಹೋದರೆ ಹಗಲು ಸುಡುವ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಅದೂ ವರ್ಷದ ಯಾವ ತಿಂಗಳಲ್ಲಾದರೂ. ಆಳೆತ್ತರ ಮೀರಿ ಬೆಳೆಯುವ ದೈತ್ಯ ಗ್ರೌಂಡ್‌ಸೆಲ್ ತನ್ನ ಒಣಗಿದ ಎಲೆಗಳನ್ನು ಬೇಗ ಉದುರಿಸುವುದಿಲ್ಲ. ಕಾಂಡಕ್ಕೆ ಅವೇ ಕಂಬಳಿ. ರಾತ್ರಿಯಾದರೆ ಹಸಿರೆಲೆಗಳು ಒಳಕ್ಕೆ ಬಾಗಿ ಎಳೆಯ ಕುಡಿಯನ್ನು ಮುಚ್ಚಿಕೊಳ್ಳುತ್ತವೆ. ಅಲ್ಲಿನ ದೈತ್ಯ ಲೊಬೀಲಿಯಾದ ಉಪಾಯ ಬೇರೆ. ಅದು ಎಲೆಗಳ ನಡುವೆ ನೀರು ತುಂಬಿಸಿಕೊಳ್ಳುತ್ತದೆ. ಮೇಲ್ಪದರ ಮಂಜುಗಡ್ಡೆಯಾದರೂ ಅಡಿಯ ನೀರು ಹೆಪ್ಪುಗಟ್ಟದೆ ಕುಡಿಯನ್ನು ಕಾಯುತ್ತದೆ. ಎಂಥ ಜಾಣತನ, ಅಲ್ವಾ?

ಎಲೆಯ ತುದಿಯಲ್ಲಿ ಮುಚ್ಚಳವಿರುವ ಹೂಜಿ ಬಿಡುವ ಕಿನಬಾಲುವಿನ ಹೂಜಿಗಿಡ ನೆಪೆಂಥಿಸ್ ರಾಜಾ ನನಗೆ ಇನ್ನೂ ಇಷ್ಟ. ಇಡೀ ಜಗತ್ತಿನಲ್ಲಿ ಅದು ಸಹಜವಾಗಿ ಬೆಳೆಯುವುದು ಈ ಬೆಟ್ಟ ಮತ್ತು ಪಕ್ಕದ ತಂಬುಯುಕೊನ್‌ನಲ್ಲಿ ಮಾತ್ರ. ಬೇರು ಬಿಟ್ಟಿರುವ ಮಣ್ಣಿನಲ್ಲಿ ಸತ್ವ ಇಲ್ಲ. ಹೂಜಿಯ ಮುಚ್ಚಳದ ಒಳಬದಿಯಲ್ಲಿ ಸಿಹಿರಸ ಇರುತ್ತದೆ. ಅದನ್ನು ನೆಕ್ಕಲು ಅಳಿಲಿನಂತೆ ಕಾಣುವ ಟ್ರೀಶ್ರೂ ಬರುತ್ತದೆ. ಮುಚ್ಚಳ ಸಿಗಬೇಕಾದರೆ ಅದು ಹೂಜಿಯ ಬಾಯಿಯ ಮೇಲೇ ಕೂರಬೇಕು. ಕೂತಲ್ಲೇ ಹೂಜಿಯೊಳಕ್ಕೆ ಹಿಕ್ಕೆ ಹಾಕುತ್ತದೆ. ಗಿಡಕ್ಕೆ ಬೇಕಾದ ಸಾರಜನಕ ಅದರಿಂದ ಸಿಗುತ್ತದೆ. ಪ್ರಾಣಿಗಳೆಲ್ಲಿ ಎಂದು ಕೇಳಿದ್ದಿರಲ್ಲ, ಇಲ್ಲಿವೆ ನೋಡಿ.

ಈಗ ಶಿಖರದ ಮಾತು. ಇದಕ್ಕೆ ನಾನು ಒಪ್ಪಲಾರೆ. ಭೂಮಿ ಬಿಸಿಯಾದಂತೆ ಬೆಟ್ಟದ ಜೀವಿಗಳು ತಂಪು ಹುಡುಕಿ ಮೇಲೇರುತ್ತಿವೆ. ಕಿನಬಾಲುವಿನ ಪತಂಗಗಳನ್ನು 1965ರಲ್ಲಿ ಎಣಿಸಿದ್ದರು. 2007ರಲ್ಲಿ ಅದೇ ಜಾಗಗಳಲ್ಲಿ ಮತ್ತೆ ನೋಡಿದಾಗ ಸರಾಸರಿ 67 ಮೀಟರ್ ಮೇಲಕ್ಕೆ ಹೋಗಿದ್ದವು. ಈಗಾಗಲೇ ತುದಿಯಲ್ಲಿ ಇರುವವು ಎಲ್ಲಿಗೆ ಹೋಗಬೇಕು? ಪೆರುವಿನ ಒಂದು ಬೆಟ್ಟಸಾಲಿನಲ್ಲಿ 1985ರಲ್ಲಿ ತುದಿಯ ಹತ್ತಿರ ಕಂಡಿದ್ದ ಕೆಲವು ಹಕ್ಕಿಗಳು, 2017ರಲ್ಲಿ ಮತ್ತೆ ಹುಡುಕಿದಾಗ ಸಿಗಲೇ ಇಲ್ಲ.

ಕೆಳಗಿನವುಗಳಿಗಾದರೂ ಏರಲು ದಾರಿ ಬೇಕು. ಆ ದಾರಿ ಅಂದರೆ ತಪ್ಪಲಿನಿಂದ ತುದಿಯವರೆಗೆ ಕಡಿಯದೆ ಉಳಿದ ಕಾಡು. ನಡುವೆ ಒಂದು ಪಟ್ಟಿ ಬೋಳಾದರೂ ಎಷ್ಟೋ ಜೀವಿಗಳ ದಾರಿ ಅಲ್ಲಿಗೇ ಮುಗಿಯುತ್ತದೆ. ತಾಂಜಾನಿಯಾದ ಕಿಲಿಮಂಜಾರೊ ಬೆಟ್ಟ ನೋಡಿ. 1973ರಲ್ಲಿ ಉದ್ಯಾನ ಮಾಡಿದಾಗ ಮುಖ್ಯವಾಗಿ ಮೇಲ್ಭಾಗವನ್ನಷ್ಟೇ ಸೇರಿಸಿದ್ದರು. 2005ರಲ್ಲಿ ಗಡಿಯನ್ನು ಕೆಳಕ್ಕೆ ವಿಸ್ತರಿಸಿ ಸುತ್ತಲಿನ ಕಾಡನ್ನೂ ಉದ್ಯಾನದೊಳಗೆ ತಂದರು.

– ಸಂಪಾದಕ